ತಿಜೋರಿಗೆ ಎರಡು ಕೀಲಿ, ಲೆಡ್ಜರಿಗೆ ಯಾವ ಕೀಲಿ?

ಮಕ್ಕಳೇ, ಬ್ಯಾಂಕಿನ ತಿಜೋರಿ ತೆರೆಯಲು ಎರಡು ಕೀಲಿಕೈ ಬೇಕು. ಒಂದು ಕ್ಯಾಶಿಯರ್ ಹತ್ತಿರ, ಇನ್ನೊಂದು ಅಧಿಕಾರಿಯ ಹತ್ತಿರ. ಒಬ್ಬರೇ ಎಷ್ಟು ತಿರುವಿದರೂ ಬಾಗಿಲು ತೆರೆಯದು. ಕೀಲಿಕೈ ಯಾರ ಕೈಯಲ್ಲಿ ಎಂಬುದು ನಮ್ಮ ಸೀಮೆಯಲ್ಲಿ ಹಳೆಯ ಪ್ರಶ್ನೆ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಖಜಾನೆಗೆ ಮೊಹರು ಹಾಕಿ ತನ್ನ ಕಾವಲು ಇಟ್ಟದ್ದು ರಾಣಿ ಚೆನ್ನಮ್ಮನ ಯುದ್ಧದ ಕಾರಣಗಳಲ್ಲಿ ಒಂದು.

ಹಣಕ್ಕೆ ಎರಡು ಕೀಲಿ, ಸರಿ. ಊರವರ ಲೆಕ್ಕಕ್ಕೆ? ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ದಪ್ಪ ಲೆಡ್ಜರುಗಳು ಹಗಲೆಲ್ಲ ಕೌಂಟರಿನ ಹಿಂದೆ ಬಿಚ್ಚಿಯೇ ಇರುತ್ತಿದ್ದವು. ಯಾವ ಗುಮಾಸ್ತನೂ ಯಾರ ಪುಟವನ್ನೂ ತಿರುವಬಹುದಿತ್ತು. ಅದಕ್ಕಿದ್ದ ಬೀಗ ಒಂದೇ: ಬ್ಯಾಂಕ್ ರಾಷ್ಟ್ರೀಕರಣದ 1970ರ ಕಾಯ್ದೆಯಂತೆ, ಕೆಲಸಕ್ಕೆ ಕೂಡುವ ಮುನ್ನ ಪ್ರತಿಯೊಬ್ಬ ನೌಕರನೂ ಸಹಿ ಮಾಡುವ ನಿಷ್ಠೆ ಮತ್ತು ಗೋಪ್ಯತೆಯ ಘೋಷಣೆ.

ಬೈಲಹೊಂಗಲದಂಥ ಊರಲ್ಲಿ ಆ ಸಹಿ ಉಳಿಸಿಕೊಳ್ಳುವುದು ಸುಲಭವಲ್ಲ. ಹತ್ತಿ ಸುಗ್ಗಿ ಮುಗಿದು ಲಗ್ನದ ಮಾತುಕತೆ ಸುರುವಾಯಿತೆಂದರೆ ಹೆಣ್ಣಿನ ಕಡೆಯವರು ಮನೆಗೇ ಬರುತ್ತಿದ್ದರು. “ಕಾಕಾರ, ಆ ಹುಡುಗನ ಅಪ್ಪನ ಖಾತೇದಾಗ ಎಷ್ಟ ಐತ್ರಿ? ಬಾಯಿಲೆ ಹೇಳಬ್ಯಾಡ್ರಿ, ಬೆರಳ ತೋರಿಸ್ರಿ ಸಾಕ.” ಚಹಾ ಕುಡಿಸಿ ಕಳಿಸುತ್ತಿದ್ದೆ. ಸಾಲ ಇದೆಯೆಂದರೆ ಲಗ್ನ ಮುರಿಯುತ್ತದೆ. ಠೇವಣಿ ಇದೆಯೆಂದರೆ ಮರುದಿನದಿಂದಲೇ ಕೈಗಡ ಕೇಳುವವರು ಆತನ ಬಾಗಿಲಿಗೆ ಸಾಲುಗಟ್ಟುತ್ತಾರೆ. ಕೆಲವರು ನನ್ನೊಡನೆ ವರ್ಷಗಟ್ಟಲೆ ಮಾತು ಬಿಟ್ಟರು. ಬಿಡಲಿ.

ಕಂಪ್ಯೂಟರ್ ಬಂದ ಮೇಲೆ ಪ್ರತಿಯೊಬ್ಬರಿಗೂ ತನ್ನದೇ ನಂಬರು, ತನ್ನದೇ ಪಾಸ್‌ವರ್ಡ್. ಗುಮಾಸ್ತ ದಾಖಲಿಸಿದ್ದನ್ನು ಮೇಲಿನವರು ನೋಡಿ ಒಪ್ಪಬೇಕು. ಯಾರ ನಂಬರಿನಿಂದ, ಯಾವಾಗ, ಏನಾಯಿತೆಂದು ಯಂತ್ರ ಬರೆದಿಡುತ್ತದೆ. ಸವದತ್ತಿಯಿಂದ ರಾಮದುರ್ಗಕ್ಕೆ ವರ್ಗವಾದವನಿಗೆ ಹಳೆಯ ಶಾಖೆಯ ಬಾಗಿಲು ಅಂದೇ ಮುಚ್ಚಬೇಕು. ನಿವೃತ್ತನಾದವನಿಗಂತೂ ಎಲ್ಲ ಬಾಗಿಲೂ. ನನ್ನ ಬೀಳ್ಕೊಡುಗೆಯ ದಿನ ಹಾರ, ಶಾಲು ಎಲ್ಲ ಆದ ಮೇಲೆ ನಾನು ಕೇಳಿದ್ದು, “ನನ್ನ ನಂಬರ ಬಂದ್ ಮಾಡೀರೇನ್ರಿ?” ಎಲ್ಲರೂ ನಕ್ಕರು. ನಾನು ಚೇಷ್ಟೆಗೆ ಕೇಳಿರಲಿಲ್ಲ.

ಇಷ್ಟೆಲ್ಲ ಇದ್ದರೂ, ಗಡಿಬಿಡಿಯ ದಿನ ಪಕ್ಕದವನಿಗೆ ಪಾಸ್‌ವರ್ಡ್ ಹೇಳಿ ಚಹಾಕ್ಕೆ ಹೋಗುವವರು ಇದ್ದೇ ಇರುತ್ತಾರೆ. ಹಾಜರಿ ಕರೆದಾಗ ಬಾರದ ಗೆಳೆಯನ ಪರವಾಗಿ ನೀವು “ಎಸ್ ಸರ್” ಅನ್ನುತ್ತೀರಲ್ಲ, ಹಾಗೆ. ದಾಖಲೆಯಲ್ಲಿ ಹೆಸರು ಒಬ್ಬನದು, ಕೈ ಇನ್ನೊಬ್ಬನದು. ನಾಳೆ ಯಾವುದೋ ಅಜ್ಜಿಯ ಪಿಂಚಣಿ ಖಾತೆಯಿಂದ ಹಣ ಕಾಣೆಯಾದರೆ ತನಿಖೆಗೆ ಬಂದವರು ಮೊದಲು ಕರೆಯುವುದು ಹೆಸರಿನವನನ್ನು. ಆ ಹೊತ್ತಿಗೆ ತಾನು ಚಹಾದಂಗಡಿಯಲ್ಲಿದ್ದೆನೆಂದು ಅವನು ಹೇಳಬಹುದು. ಆದರೆ ಪಾಸ್‌ವರ್ಡ್ ಕೊಟ್ಟವನೂ ತಾನೇ ಎಂದು ಆಗ ಒಪ್ಪಬೇಕಾಗುತ್ತದೆ.