ಮಣ್ಣಿಲ್ಲದ ಮಣ್ಣೆತ್ತು



ಹರಿಹರ ಕವಿಯ ‘ಕುಂಬಾರ ಗುಂಡಯ್ಯನ ರಗಳೆ’ಯ ಕಥೆಯನ್ನು ಅರಿಯದ ಭಕ್ತರು ವಿರಳ. ಗಡಿಗೆಯನ್ನು ತಟ್ಟುವ ಗುಂಡಯ್ಯನ ಕೈಯ ನಾದಕ್ಕೆ ಶಿವನೇ ಬಂದು ಕುಣಿದನು. ಗುಂಡಯ್ಯನು ಶಿವನನ್ನು ಅರಸುತ್ತ ಕಾಯಕವನ್ನು ತೊರೆಯಲಿಲ್ಲ. ಶಿವನೇ ಕಾಯಕವಿದ್ದಲ್ಲಿಗೆ ಬಂದನು. ಈ ಕಥೆಗೆ ತಲೆದೂಗುವ ನಾವು ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮಾಡುತ್ತಿರುವುದೇನು?

ಕಾರಹುಣ್ಣಿಮೆ ಕಳೆದು ಬರುವ ಈ ಅಮಾವಾಸ್ಯೆ ಹಿಟ್ನಾಳವೂ ಸೇರಿದ ಕೊಪ್ಪಳ ಸೀಮೆಯ ಒಕ್ಕಲು ಮನೆಗಳ ಹಬ್ಬ. ಕೆರೆಯಂಗಳದ ಜಿಗುಟು ಮಣ್ಣನ್ನು ತಂದು, ಹರಳು ಆರಿಸಿ, ನೆನೆಸಿ, ತುಳಿದು ಹದಗೊಳಿಸಬೇಕು. ಮುಂದೆ ಈ ಕೆಲಸಕ್ಕೆ ತಿಗರಿಯೂ ಬೇಡ, ಆವಿಗೆಯೂ ಬೇಡ. ಮುದ್ದೆಯಿಂದಲೇ ಕಾಲುಗಳನ್ನು ಎಳೆದು, ಹೆಬ್ಬೆರಳಿನಿಂದ ಇಣಿಯನ್ನೆತ್ತಿ, ಕೊಂಬನ್ನು ತೀಡಿ, ಪಕ್ಕದಲ್ಲೊಂದು ಗೋದಲಿಯನ್ನಿಟ್ಟರೆ ಜೋಡೆತ್ತು ಸಿದ್ಧ. ಕುಂಬಾರರು ಇವನ್ನು ಮನೆಮನೆಗೆ ಕೊಟ್ಟು ಜೋಳ ಪಡೆಯುವುದು ಹಳೆಯ ವಾಡಿಕೆ.

ಇಂದು ಪೇಟೆಯಲ್ಲಿ ಮಿಂಚುವ ಬಣ್ಣದ ಎತ್ತುಗಳು ಬಂದಿವೆ. ಹೆಸರು ಮಣ್ಣೆತ್ತು, ಒಳಗಿರುವುದು ಪ್ಲಾಸ್ಟರ್ ಆಫ್ ಪ್ಯಾರಿಸ್. ಅದು ಜಿಪ್ಸಂ ಕಲ್ಲನ್ನು ಕಾಯಿಸಿ ಮಾಡಿದ ಪುಡಿ; ನೀರು ಬೆರೆತೊಡನೆ ಗಟ್ಟಿಯಾಗುತ್ತದೆ, ಬಳಿಕ ಕೆರೆಗೆ ಬಿಟ್ಟರೂ ಸುಲಭವಾಗಿ ಕರಗದು. ‘ಇದು ಅಂದವಾಗಿದೆ, ಬಾಳಿಕೆ ಬರುತ್ತದೆ’ ಎನ್ನುವವರಿದ್ದಾರೆ. ಮರುದಿನ ನೀರಿಗೆ ಸೇರಬೇಕಾದ ಎತ್ತಿಗೆ ಬಾಳಿಕೆ ಏತಕ್ಕೆ? ಮಣ್ಣಿನಿಂದ ಬಂದದ್ದು ಮಣ್ಣಿಗೆ ಮರಳುವುದೇ ಈ ಹಬ್ಬದ ಅರ್ಥವಲ್ಲವೇ?

ಇನ್ನು ಕೆಲವರು ‘ಶರಣರು ಮಣ್ಣಿನ ದೇವರನ್ನು ಒಪ್ಪಲಿಲ್ಲ, ಯಾವುದಾದರೇನು?’ ಎಂದು ವಾದಿಸುತ್ತಾರೆ. ಶರಣರು ಇಷ್ಟಲಿಂಗವನ್ನಲ್ಲದೆ ಅನ್ಯವನ್ನು ಪೂಜಿಸಲಿಲ್ಲವೆಂಬುದು ನಿಜ. ಆದರೆ ಕಾಯಕವನ್ನು ಅವರು ಎಂದೂ ತುಚ್ಛವಾಗಿ ಕಾಣಲಿಲ್ಲ. ಮಣ್ಣೆತ್ತು ಉತ್ತುಬೆಳೆದ ಜೀವಕ್ಕೆ ಒಕ್ಕಲಿಗನು ಸಲ್ಲಿಸುವ ಕೃತಜ್ಞತೆ. ಇಲ್ಲಿಯ ಪ್ರಶ್ನೆ ಪೂಜೆಯದಲ್ಲ, ಕುಂಬಾರನ ಅನ್ನದ್ದು.

2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಸೇರಿದೆ. ಸರಕಾರವು ಸಾಲವನ್ನು, ಸಲಕರಣೆಯನ್ನು ಕೊಡಬಹುದು, ಕೊಳ್ಳುವವರನ್ನು ಕೊಡಲಾರದು. ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುವ ಈ ಕೈಚಳಕ ಒಂದು ತಲೆಮಾರು ತಪ್ಪಿದರೆ ಯಾವ ಗ್ರಂಥವೂ ಅದನ್ನು ಮರಳಿ ಕಲಿಸದು.

ಗುಂಡಯ್ಯನಿಗೆ ಕೈಮುಗಿದು ಅವನ ಕುಲಕಸುಬಿನವರೊಡನೆ ಹತ್ತು ರೂಪಾಯಿಗೆ ಚೌಕಾಸಿ ಮಾಡುವುದು ಭಕ್ತಿಯಲ್ಲ. ಬರುವ ಅಮಾವಾಸ್ಯೆಗೆ ಊರ ಕುಂಬಾರರ ಮನೆಗೆ ಹೋಗಿ, ಕೇಳಿದ ಬೆಲೆಯನ್ನಿತ್ತು, ಮಣ್ಣಿನ ಎತ್ತನ್ನೇ ತರೋಣ. ಶಿವನು ಕುಣಿದದ್ದು ಆ ಅಂಗಳದಲ್ಲಿ.