ಮಾಂಟ್ರೋಸ್ ಕ್ಷೇತ್ರವೂ ಭಾರತವೂ

ಸ್ಕಾಟ್ಲೆಂಡಿನ ಪೂರ್ವ ಸೀಮೆಯಲ್ಲಿ ಮಾಂಟ್ರೋಸ್, ಆರ್ಬ್ರೋತ್, ಬ್ರೆಕಿನ್, ಫಾರ್ಫರ್, ಇನ್ವರ್‌ಬರ್ವಿ ಎಂಬ ಐದು ಸಣ್ಣ ಊರುಗಳಿವೆ. ಮೀನು ಹಿಡಿಯುವುದೂ ಅಗಸೆನಾರಿನ ಬಟ್ಟೆ ನೇಯುವುದೂ ಆ ಸೀಮೆಯ ಹಳೆಯ ಕಸುಬುಗಳು. 1832ರಿಂದ 1950ರ ವರೆಗೆ ಈ ಐದೂ ಊರುಗಳು ಕೂಡಿ ಬ್ರಿಟಿಷ್ ಪಾರ್ಲಿಮೆಂಟಿಗೆ ಒಬ್ಬ ಸದಸ್ಯನನ್ನು ಕಳುಹಿಸುತ್ತಿದ್ದುವು. ಅಷ್ಟು ದೂರದ ಕ್ಷೇತ್ರದ ಚರಿತ್ರೆ ನಮಗೇಕೆಂದು ವಾಚಕರು ಕೇಳಬಹುದು. ಅದರಲ್ಲಿ ನಮ್ಮ ಚರಿತ್ರೆಯೂ ಅಡಗಿರುವುದೇ ಅದಕ್ಕೆ ಕಾರಣ.

1842ರಿಂದ 1855ರಲ್ಲಿ ಕಾಲವಾಗುವ ವರೆಗೆ ಇಲ್ಲಿಯ ಸದಸ್ಯರಾಗಿದ್ದವರು ಮಾಂಟ್ರೋಸಿನಲ್ಲಿಯೇ ಹುಟ್ಟಿದ ಜೋಸೆಫ್ ಹ್ಯೂಮ್ ಮಹಾಶಯರು. ತಾರುಣ್ಯದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯರಾಗಿ ನಮ್ಮ ದೇಶದಲ್ಲಿದ್ದವರು. ಸರ್ಕಾರದ ಖರ್ಚನ್ನು ಕಾಸುಕಾಸಿಗೂ ಪ್ರಶ್ನಿಸುತ್ತಿದ್ದವರು. ಮತ್ತೊಂದು ಕ್ಷೇತ್ರದ ಸದಸ್ಯರಾಗಿದ್ದಾಗಲೇ, 1831ರಲ್ಲಿ, ಭಾರತಕ್ಕೂ ಆ ಸಭೆಯಲ್ಲಿ ಸ್ಥಾನ ದೊರೆಯಬೇಕೆಂದು ಇವರು ಸೂಚಿಸಿದರು. ಸಭೆ ಒಪ್ಪಲಿಲ್ಲ. 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಮುಂದಾದ ಅಲನ್ ಆಕ್ಟೇವಿಯನ್ ಹ್ಯೂಮರು ಇವರ ಪುತ್ರರೇ.

1896ರಲ್ಲಿ ಅದೇ ಸ್ಥಾನಕ್ಕೆ ಬಂದವರು ಜಾನ್ ಮಾರ್ಲೆ. ಸ್ವಾತಂತ್ರ್ಯತತ್ತ್ವದ ಪಂಡಿತರೆಂದು ನಮ್ಮ ವಿದ್ಯಾವಂತರು ಅವರ ಗ್ರಂಥಗಳನ್ನು ಭಕ್ತಿಯಿಂದ ಓದುತ್ತಿದ್ದರು. 1905ರ ಕೊನೆಯಲ್ಲಿ ಅವರು ಇಂಡಿಯಾ ಮಂತ್ರಿಗಳಾದಾಗ ಆಸೆಗಳು ಚಿಗುರಿದುವು. ಆದರೆ ವಂಗಭಂಗವು ಮುಗಿದ ಸಂಗತಿಯೆಂದರು. 1907ರ ಅಕ್ಟೋಬರಿನಲ್ಲಿ ಆರ್ಬ್ರೋತಿನ ಮತದಾರರ ಮುಂದೆ ನಿಂತು, ಕೆನಡಾದ ಚಳಿಗೆ ಒಪ್ಪುವ ತುಪ್ಪಟದ ಕೋಟು ದಖ್ಖನಿಗೆ ಒಪ್ಪೀತೇ ಎಂಬರ್ಥದ ಮಾತನಾಡಿದರು. ನಮ್ಮ ಧಾರವಾಡ, ಬಿಜಾಪುರಗಳೂ ಆ ದಖ್ಖನಿಗೇ ಸೇರಿದುವಷ್ಟೆ! ಅದೇ ಹೊತ್ತಿನಲ್ಲಿ ಲಾಲಾ ಲಜಪತರಾಯರು ವಿಚಾರಣೆಯೇ ಇಲ್ಲದೆ ಮಂಡಾಲೆಯ ಸೆರೆಯಲ್ಲಿದ್ದರು. ನಾವು ಬೇಡಿದುದು ಕೋಟನ್ನಲ್ಲ. ನಮ್ಮ ಅಂಗಿಯ ಅಳತೆಯನ್ನು ನಾವೇ ಕೊಡುವ ಹಕ್ಕನ್ನು.

ಆರ್ಬ್ರೋತಿನ ನೇಕಾರನನ್ನು ನಾವು ದೂರುವುದಿಲ್ಲ. ಮಂತ್ರಿಯನ್ನು ಎದುರು ನಿಲ್ಲಿಸಿ ಕೇಳುವ ಅಧಿಕಾರ ಅವನಿಗಿತ್ತು. ಆ ಮಂತ್ರಿ ಆಳುತ್ತಿದ್ದ ಸುಮಾರು 30 ಕೋಟಿ ಜನಕ್ಕೆ ಅದಿರಲಿಲ್ಲ. 1908ರಲ್ಲಿ ಮಾರ್ಲೆಯವರು ವೈಕೌಂಟ್ ಪದವಿ ಪಡೆದು ಪ್ರಭುಗಳ ಸಭೆಯನ್ನು ಸೇರಿದ ಮೇಲಂತೂ, ಇಂಡಿಯಾ ಮಂತ್ರಿ ಆ ಐದು ಊರುಗಳಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಲೋಕಮಾನ್ಯ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾದುದು ಅದೇ ವರ್ಷದ ಜುಲೈನಲ್ಲಿ. ಸುಧಾರಣೆಗಳು ಪಾರ್ಲಿಮೆಂಟರಿ ಪದ್ಧತಿಗೆ ದಾರಿಯಾಗುವುದಾದರೆ ಅದರ ಗೊಡವೆಯೇ ತಮಗೆ ಬೇಡವೆಂದು ಮಾರ್ಲೆಯವರು ಡಿಸೆಂಬರಿನಲ್ಲಿ ಸಾರಿದರು.

ವಂಗಭಂಗವು 1911ರಲ್ಲಿ ರದ್ದಾಯಿತು. ಮಾಂಟ್ರೋಸ್ ಕ್ಷೇತ್ರವು 1950ರ ಫೆಬ್ರವರಿಯ ಚುನಾವಣೆಗೆ ರದ್ದಾಯಿತು. ಅದಕ್ಕೆ ಒಂದು ತಿಂಗಳ ಹಿಂದೆ ಜಾರಿಗೆ ಬಂದಿದ್ದ ನಮ್ಮ ಸಂವಿಧಾನದಂತೆ, 1951-52ರಲ್ಲಿ ದಖ್ಖನಿನ ರೈತರೂ ನೇಕಾರರೂ ಮತಗಟ್ಟೆಗೆ ನಡೆದರು.