ತಂತಿ ತುಂಡಾಗಲಿ!

ತಂತಿಗೆ ಒಂದೊಂದಾಗಿ ತೂಕಗಳನ್ನು ಏರಿಸಿ, ಅದು ಎಷ್ಟೆಷ್ಟು ನೀಳವಾಯಿತೆಂಬುದನ್ನು ಅಳೆದು, ಚೌಕಳಿ ಕಾಗದದ ಮೇಲೆ ಸರಳರೇಖೆಯೊಂದನ್ನು ಎಳೆಯದ ವಿಜ್ಞಾನ ವಿದ್ಯಾರ್ಥಿ ವಿರಳ. ಆ ರೇಖೆಯಿಂದ ಯಂಗ್ ಗುಣಾಂಕ ದೊರೆಯುತ್ತದೆ. ಗುಣಾಂಕ ದೊರೆತೊಡನೆಯೇ ತೂಕಗಳನ್ನಿಳಿಸಿ, ತಂತಿಯನ್ನು ಮುಂದಿನ ವರ್ಷದವರಿಗಾಗಿ ಜೋಪಾನ ಮಾಡಲಾಗುತ್ತದೆ. ಈ ಜೋಪಾನವೇ ನಮ್ಮ ಶಿಕ್ಷಣದ ದೊಡ್ಡ ಕೊರತೆಯೆಂದು ನನ್ನ ಅಭಿಪ್ರಾಯ.

ರಾಬರ್ಟ್ ಹುಕ್ ತನ್ನ ನಿಯಮವನ್ನು 1676ರಲ್ಲಿ ಅಕ್ಷರಗಳನ್ನು ಕಲೆಸಿದ ಒಗಟಾಗಿ ಪ್ರಕಟಿಸಿ, 1678ರಲ್ಲಿ ಬಿಡಿಸಿ ಹೇಳಿದನು. (ತಮ್ಮ ಶೋಧಕ್ಕೆ ಪರರು ಹಕ್ಕು ಹೂಡದಿರಲೆಂದು ಆ ಕಾಲದ ವಿದ್ವಾಂಸರು ಕೈಗೊಳ್ಳುತ್ತಿದ್ದ ಉಪಾಯವಿದು.) ಎಳೆತಕ್ಕೆ ತಕ್ಕಷ್ಟು ಹಿಗ್ಗು ಎಂಬುದು ಸತ್ಯವೇ, ಆದರೆ ಎಲ್ಲಿಯವರೆಗೆ? ಮೃದು ಉಕ್ಕು ತನ್ನ ಉದ್ದದ 1000ದಲ್ಲಿ ಸುಮಾರು 1 ಪಾಲಿನಷ್ಟು ಹಿಗ್ಗುವವರೆಗೆ ಮಾತ್ರ, ಬಿಟ್ಟೊಡನೆ ಮೊದಲಿನಂತಾಗುತ್ತದೆ. ಅದೇ ಉಕ್ಕು ತುಂಡಾಗುವ ಮುನ್ನ 100ಕ್ಕೆ 20 ಪಾಲಿಗೂ ಮಿಕ್ಕಿ ಹಿಗ್ಗಬಲ್ಲದು. ಎಂದ ಮೇಲೆ ನಮ್ಮ ವಿದ್ಯಾರ್ಥಿ ಕಾಣುವುದು ಆ ಕಥೆಯ ಸುಮಾರು 200ನೆಯ ಒಂದು ಭಾಗವನ್ನಷ್ಟೆ! ಉಳಿದುದರಲ್ಲಿ ಲೋಹದ ಹರಳುಗಳೊಳಗೆ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರಿ, ರೂಪ ಶಾಶ್ವತವಾಗಿ ಬದಲಾಗುತ್ತದೆ. ತಾಮ್ರದ ತಗಡಿನಿಂದ ಬಿಂದಿಗೆಯನ್ನು ಬಡಿದೆಬ್ಬಿಸುವ ಕಂಚುಗಾರನ ವ್ಯವಹಾರವೆಲ್ಲ ಇಲ್ಲಿಯೇ.

ಸರಳರೇಖೆಯು ಇನ್ನೊಂದು ಭ್ರಮೆಯನ್ನೂ ಹುಟ್ಟಿಸುತ್ತದೆ: ಮಿತಿಯೊಳಗಿದ್ದರೆ ಅಪಾಯವಿಲ್ಲವೆಂದು. ಬ್ರಿಟನ್ನಿನ ಕಾಮೆಟ್ ವಿಮಾನಗಳ ದುರಂತವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. 1954ರ ಜನವರಿಯಲ್ಲಿ ಎಲ್ಬಾ ದ್ವೀಪದ ಬಳಿ ಒಂದು, ಏಪ್ರಿಲ್‌ನಲ್ಲಿ ನೇಪಲ್ಸ್ ಸಮೀಪ ಮತ್ತೊಂದು ಆಗಸದಲ್ಲೇ ಒಡೆದು ಸಮುದ್ರಕ್ಕೆ ಬಿದ್ದವು. ಒಟ್ಟು 56 ಮಂದಿ ಮಡಿದರು. ಕಾರಣವನ್ನರಸಿದ ಫಾರ್ನ್‌ಬರೋದ ವಿಜ್ಞಾನಿಗಳು ಅಂತಹುದೇ ವಿಮಾನದ ಒಡಲನ್ನು ದೊಡ್ಡ ನೀರಿನ ತೊಟ್ಟಿಯಲ್ಲಿಟ್ಟು, ಒಳಗೂ ನೀರು ತುಂಬಿ, ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿದರು. ನೀರು ಗಾಳಿಯಂತೆ ಅದುಮಿಕೊಳ್ಳದಾದ್ದರಿಂದ ಒಡಲು ಬಿರಿದರೂ ಸಿಡಿದು ಚೂರಾಗುವುದಿಲ್ಲ. ಬಿರುಕು ಎಲ್ಲಿ ಹುಟ್ಟಿತೆಂಬುದು ಉಳಿಯುತ್ತದೆ. ಹಿಂದೆ ಮಾಡಿದ್ದ ಹಾರಾಟಗಳೂ ಸೇರಿ ಸುಮಾರು 3060 ಆವರ್ತನೆಗಳಾದಾಗ ಒಡಲು ಸೀಳಿತು. ಬಿರುಕು ಹುಟ್ಟಿದ್ದು ಕಿಟಕಿಯ ಮೂಲೆಯಲ್ಲಿ. ಯಾವ ಒಂದು ಹಾರಾಟವೂ ಮುರಿಯಲಾರದ ಲೋಹವನ್ನು ಸಾವಿರಾರು ಹಾರಾಟಗಳು ದಣಿಸಿ ಮುರಿದಿದ್ದವು.

ತಯಾರಕರು ಪರೀಕ್ಷಿಸಿರಲಿಲ್ಲವೇ? ಪರೀಕ್ಷಿಸಿದ್ದರು. ಅವರು ಪರೀಕ್ಷಿಸಿದ ಒಡಲಿನ ಭಾಗ ಸುಮಾರು 16000 ಆವರ್ತನೆಗಳನ್ನು ತಾಳಿತ್ತು. ಆದರೆ ಅದಕ್ಕೂ ಮುನ್ನ ಅದೇ ಭಾಗವನ್ನು, ಶಕ್ತಿಪರೀಕ್ಷೆಗಾಗಿ, ಬಳಕೆಯ ಒತ್ತಡದ ಎರಡರಷ್ಟಕ್ಕೆ ಗುರಿಮಾಡಿದ್ದರು. ಆಗ ಮೂಲೆಗಳಲ್ಲಿದ್ದ ಲೋಹ ಮಿತಿಮೀರಿ ಹಿಗ್ಗಿತು. ಒತ್ತಡ ಇಳಿದೊಡನೆ ಸುತ್ತಲಿನ ತಗಡು ಅದನ್ನು ಅದುಮಿ ಹಿಡಿಯಿತು. ಹಾಗೆ ಅದುಮಿ ಹಿಡಿದ ಲೋಹದಲ್ಲಿ ಬಿರುಕು ಬೇಗ ಬಾಯ್ದೆರೆಯದು. ಪರೀಕ್ಷೆಯೇ ವಸ್ತುವಿನ ಆಯುಸ್ಸನ್ನು ಹೆಚ್ಚಿಸಿತ್ತು; ಪ್ರಯಾಣಿಕರನ್ನು ಹೊತ್ತ ವಿಮಾನಗಳಿಗೆ ಆ ಭಾಗ್ಯವಿರಲಿಲ್ಲ. ಈ ಸೂಕ್ಷ್ಮವು ಅರ್ಥವಾಗಬೇಕಾದರೆ ರೇಖೆ ಬಾಗಿದ ಮೇಲೆ ಏನಾಗುತ್ತದೆಂಬುದನ್ನು ಕಂಡಿರಬೇಕು. ಸರಳರೇಖೆಯಲ್ಲಿ ನಿಂತವನಿಗೆ ಇದು ದಕ್ಕದು.

ವೆಚ್ಚದ ಮಾತನ್ನು ಕೆಲವರು ಎತ್ತಬಹುದು. ತರಗತಿಗೊಂದು ಗೇಣು ತೆಳು ತಾಮ್ರದ ತಂತಿಯನ್ನು ಕೊನೆಯವರೆಗೆ ಎಳೆಯುವುದಕ್ಕೆ ಎಷ್ಟು ಖರ್ಚಾದೀತು? ಇನ್ನು ದಣಿವನ್ನು ಕಾಣಲು ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪುಗಳೇ ಸಾಕು. ಒಂದನ್ನು ಪೂರಾ ಮಡಚಿ ಬಿಚ್ಚುತ್ತ, ಇನ್ನೊಂದನ್ನು ಅರ್ಧದಷ್ಟೇ ಬಾಗಿಸುತ್ತ, ಎಷ್ಟನೆಯ ಸಲಕ್ಕೆ ಮುರಿದವೆಂದು ಎಣಿಸಿ ಬರೆದಿಡಿ. ಪ್ರತಿಯೊಂದು ಬಗೆಗೂ ಹತ್ತಾರು ಕ್ಲಿಪ್ಪುಗಳನ್ನು ಮುರಿಯಿರಿ. ಎಣಿಕೆ ಒಂದೇ ಆಗಿರುವುದಿಲ್ಲ, ಆ ಚದರಾಟವೂ ಕಲಿಯಬೇಕಾದುದೇ. ತಂತಿ ಎಳೆಯುವಾಗ ಮಾತ್ರ ಕಣ್ಣಿಗೆ ಕನ್ನಡಕವಿರಲಿ, ತೂಕದ ಕೆಳಗೆ ಮರಳಿನ ಬುಟ್ಟಿಯಿರಲಿ. ತುಂಡಾದ ತಂತಿ ಚಾಟಿಯಂತೆ ಬೀಸುತ್ತದೆ.